ಹಾಡಿನ ಅಲೆ, ಮತದ ಬೆಲೆ

ಮ್ಯಾಗ್ಸೆಸೆ ಪ್ರಶಸ್ತಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹೆಗ್ಗೋಡೆಂಬ ಹಳ್ಳಿಯಲ್ಲಿ ನೀನಾಸಮ್ ಸಂಸ್ಥೆಯನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಆ ಗೌರವ ಸಂದಿತು. ಅದಕ್ಕೂ ಮುನ್ನ 1974ರಲ್ಲಿ ಸಂಗೀತ ವಿದುಷಿ ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ ಅದು ದೊರೆತಿತ್ತು. 1996ರಲ್ಲಿ ಟಿ.ಎನ್. ಶೇಷನ್ ಅವರಿಗೂ 2003ರಲ್ಲಿ ಜೆ.ಎಂ. ಲಿಂಗ್ಡೊ ಅವರಿಗೂ ಅದೇ ಪ್ರಶಸ್ತಿ ಬಂದಿತು. ಇಬ್ಬರೂ ಆಗ ನಮ್ಮ ದೇಶದ ಮುಖ್ಯ ಚುನಾವಣಾ ಆಯುಕ್ತರು. ಗಾಯನಕ್ಕೂ ಮತದಾನದ ಕಾವಲಿಗೂ ಒಬ್ಬನೇ ವ್ಯಕ್ತಿಯ ಹೆಸರಿನಲ್ಲಿ ಮನ್ನಣೆ! ಆ ವ್ಯಕ್ತಿಯಾದರೋ ಫಿಲಿಪ್ಪೀನ್ಸ್ ದೇಶದ ಅಧ್ಯಕ್ಷರಾಗಿದ್ದ ರಾಮೋನ್ ಮ್ಯಾಗ್ಸೆಸೆ. ಅವರು 1953ರಲ್ಲಿ ಚುನಾವಣೆಗೆ ನಿಂತಾಗ ಊರೂರಿನಲ್ಲಿ ಮೊಳಗಿದ್ದು ಕುಣಿತದ ಮಟ್ಟಿನ ಒಂದು ಹಾಡು ಎಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿರಲಾರದು.

ಆ ಹಾಡಿನ ಹೆಸರು ‘ಮಾಂಬೊ ಮ್ಯಾಗ್ಸೆಸೆ’. ಮಾಂಬೊ ಎಂಬುದು ಕ್ಯೂಬಾ ದ್ವೀಪದಿಂದ ಹೊರಟು ಆ ಕಾಲದಲ್ಲಿ ಲೋಕವನ್ನೇ ಕುಣಿಸಿದ ತಾಳ. ಅದಕ್ಕೆ ಮಾತು ಹೊಂದಿಸಿದವರು ರಾವುಲ್ ಮಂಗ್ಲಾಪುಸ್ ಎಂಬ ತರುಣ. ಮುಂದೆ ಕಥೋಲಿಕ ಸಾಮಾಜಿಕ ಚಿಂತನೆಯ ಮುಂದಾಳು, ಸೆನೆಟರ್, ವಿದೇಶಾಂಗ ಸಚಿವ. ದೇಶದಲ್ಲಿ ಹೆಚ್ಚಿದ್ದ ಕಳ್ಳತನ, ಲಂಚ, ಅರಾಜಕತೆಗಳನ್ನು ನಗುನಗುತ್ತಲೇ ಚುಚ್ಚುವ ಹಾಡದು. ಚುನಾವಣೆಯಲ್ಲಿ ಹಾಡು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಫಿಲಿಪ್ಪೀನ್ಸ್ ಜನ ಇಂದಿಗೂ ಕೊಡುವ ಮೊದಲ ಉದಾಹರಣೆ ಇದೇ. ಆ ಪ್ರಚಾರದ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆಯ ಎಡ್ವರ್ಡ್ ಲ್ಯಾನ್ಸ್‌ಡೇಲ್ ಅವರ ನೆರವೂ ಇತ್ತೆಂಬುದನ್ನು ಇತಿಹಾಸಕಾರರು ಮುಚ್ಚಿಟ್ಟಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಇನ್ನೊಂದು ಮಾತು: ಪ್ರಜಾಪ್ರಭುತ್ವದ ಅಳಿವು ಉಳಿವನ್ನು ಒಬ್ಬನೇ ವ್ಯಕ್ತಿಯ ಹೆಗಲಿಗೆ ಹೊರಿಸುವುದು ಆ ಹಾಡಿನ ಧೋರಣೆ. ಕೇಳಲು ಇಂಪಾದರೂ ಇದು ಅಪಾಯದ ಮಾತು. ಮ್ಯಾಗ್ಸೆಸೆ 1957ರ ಮಾರ್ಚ್ 17ರಂದು ಸೆಬು ದ್ವೀಪದ ಬೆಟ್ಟವೊಂದಕ್ಕೆ ವಿಮಾನ ಅಪ್ಪಳಿಸಿ ತೀರಿಕೊಂಡರು. ಹಾಡು ನಂಬಿಸಿದ್ದ ಆ ಒಬ್ಬ ಮನುಷ್ಯ ಮೂರೇ ವರ್ಷ ಕೆಲವು ತಿಂಗಳಲ್ಲಿ ಇಲ್ಲವಾದರು.

ಆದರೂ ಆ ಹಾಡು ಬರಿಯ ಬೊಗಳೆಯಾಗಿರಲಿಲ್ಲ. ಅದಕ್ಕೆ ಆಧಾರವಾದದ್ದು ಹಾಡು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ನಡೆದುಹೋಗಿತ್ತು. ಬಸ್ ಕಂಪೆನಿಯೊಂದರಲ್ಲಿ ಮೆಕ್ಯಾನಿಕ್ ಆಗಿ ದುಡಿದು, ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ವಿರುದ್ಧ ಗೆರಿಲ್ಲಾ ಪಡೆಯನ್ನು ನಡೆಸಿದ ಮ್ಯಾಗ್ಸೆಸೆ 1950ರಲ್ಲಿ ರಕ್ಷಣಾ ಸಚಿವರಾದರು. ಆಡಳಿತ ಲಿಬರಲ್ ಪಕ್ಷದ್ದು. ಅವರೂ ಅದೇ ಪಕ್ಷದವರು. 1951ರ ಚುನಾವಣೆಯಲ್ಲಿ ಮತಗಟ್ಟೆಗಳ ಕಾವಲಿಗೆ ಅವರು ಸೈನಿಕರನ್ನೂ ಕಾಲೇಜು ವಿದ್ಯಾರ್ಥಿ ಸೈನಿಕರನ್ನೂ ನಿಲ್ಲಿಸಿದರು. ಫಲಿತಾಂಶವೇನು? ಸೆನೆಟ್‌ನಲ್ಲಿ ಅವರದೇ ಪಕ್ಷ ಸೋತಿತು, ವಿರೋಧ ಪಕ್ಷ ಗೆದ್ದಿತು. ತನ್ನ ಪಕ್ಷದ ಸೋಲನ್ನು ಕಂಡೂ ಮತಪೆಟ್ಟಿಗೆಯನ್ನು ಕಾದ ಸಚಿವರನ್ನು ಹುಡುಕಿದರೆ ಯಾವ ದೇಶದಲ್ಲೂ ಬೆರಳೆಣಿಕೆಯಷ್ಟು ಮಂದಿ ಸಿಕ್ಕಾರು.

ಅದೇ ಚುನಾವಣೆಯ ಸಮಯದಲ್ಲಿ ನೆಗ್ರೋಸ್ ದ್ವೀಪದ ಮಗಲ್ಯೋನ್ ಎಂಬ ಊರಿನಲ್ಲಿ ಮೇಯರ್ ಸ್ಥಾನಕ್ಕೆ ನಿಂತಿದ್ದ ಮೊಯಿಸೆಸ್ ಪಾದಿಲ್ಯಾ ಎಂಬವರನ್ನು ಪ್ರಾಂತ್ಯದ ಗವರ್ನರ್ ರಫಾಯೆಲ್ ಲ್ಯಾಕ್ಸನ್ ಅವರ ಖಾಸಗಿ ಪೊಲೀಸರು ಚಿತ್ರಹಿಂಸೆ ಕೊಟ್ಟು ಕೊಂದರು. ಸುದ್ದಿ ತಿಳಿದ ಮ್ಯಾಗ್ಸೆಸೆ ಸ್ವತಃ ಅಲ್ಲಿಗೆ ಧಾವಿಸಿ ಆ ಶವವನ್ನು ತಮ್ಮ ತೋಳುಗಳಲ್ಲಿ ಎತ್ತಿಕೊಂಡರು. ಗವರ್ನರ್ ತಮ್ಮ ಪಕ್ಷದವನೇ ಎಂಬ ದಾಕ್ಷಿಣ್ಯ ಅಡ್ಡಬರಲಿಲ್ಲ. ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು. ಇಂದು ಆ ಊರಿಗೆ ಪಾದಿಲ್ಯಾರ ಹೆಸರೇ ಇದೆ. 1953ರಲ್ಲಿ ಮ್ಯಾಗ್ಸೆಸೆ ಎದುರು ಪಕ್ಷಕ್ಕೆ ಸೇರಿ ಅಧ್ಯಕ್ಷ ಪದವಿಗೆ ನಿಂತಾಗ ಅವರಿಗೆ ಸುಮಾರು 29 ಲಕ್ಷ ಮತಗಳೂ ಅಧಿಕಾರದಲ್ಲಿದ್ದ ಕಿರಿನೋ ಅವರಿಗೆ ಸುಮಾರು 13 ಲಕ್ಷ ಮತಗಳೂ ಬಿದ್ದವು. ಅಧ್ಯಕ್ಷರಾದ ಮೇಲೆ ಅವರು ಮಲಕಾನ್ಯಾಂಗ್ ಅರಮನೆಯ ಬಾಗಿಲನ್ನು ಜನಸಾಮಾನ್ಯರಿಗೆ ತೆರೆದಿಟ್ಟರು. ಜನರ ದೂರುಗಳನ್ನು ಕೇಳಲೆಂದೇ ಒಂದು ಸಮಿತಿಯನ್ನು ನೇಮಿಸಿದರು. ಮೊದಲ ವರ್ಷದಲ್ಲೇ 50,000ಕ್ಕೂ ಹೆಚ್ಚು ದೂರುಗಳು ಬಂದವಂತೆ. ಹೀಗೆ ಮೊದಲು ಕೆಲಸ, ಆಮೇಲೆ ಹಾಡು. ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ ಎಂಬುದನ್ನು ಕಾಣಲು ಅದೇ ದೇಶ ಹೆಚ್ಚು ಕಾಲ ಕಾಯಬೇಕಾಗಲಿಲ್ಲ.

ಜನಪ್ರಿಯ ಹಾಡಿಗೂ ರಾಜಕೀಯಕ್ಕೂ ಇರುವ ನಂಟನ್ನು ಪವಿತ್ರ ಬೈಬಲ್ ಚೆನ್ನಾಗಿ ಬಲ್ಲದು. ಫಿಲಿಷ್ಟಿಯರನ್ನು ಸೋಲಿಸಿ ಮರಳುತ್ತಿದ್ದ ಸೈನ್ಯವನ್ನು ಎದುರುಗೊಳ್ಳಲು ಇಸ್ರಯೇಲಿನ ಊರೂರಿನ ಹೆಂಗಸರು ದಮ್ಮಡಿ ಹಿಡಿದು ಕುಣಿಯುತ್ತ ಬಂದರೆಂದು ಸಮುವೇಲನ ಮೊದಲನೆಯ ಗ್ರಂಥದ ಹದಿನೆಂಟನೆಯ ಅಧ್ಯಾಯ ಹೇಳುತ್ತದೆ. ಅವರು ಕಟ್ಟಿದ ಹಾಡು ಸೌಲನ ಲೆಕ್ಕಕ್ಕೆ ಸಾವಿರಗಳನ್ನೂ ದಾವೀದನ ಲೆಕ್ಕಕ್ಕೆ ಹತ್ತು ಸಾವಿರಗಳನ್ನೂ ಸಲ್ಲಿಸಿತು. ಅದು ಬೀದಿಯ ಹಾಡು, ಉತ್ಸಾಹದ ಹಾಡು. ಯಾರನ್ನೂ ನೋಯಿಸುವ ಉದ್ದೇಶದ್ದಲ್ಲ. ಆದರೆ ಅರಸನ ಮನಸ್ಸಿನಲ್ಲಿ ವಿಷ ಬೆರೆಯಲು ಅಷ್ಟೇ ಸಾಕಾಯಿತು. ಮರುದಿನ ದಾವೀದನು ಎಂದಿನಂತೆ ಅವನ ಮುಂದೆ ಕಿನ್ನರಿ ನುಡಿಸುತ್ತಿದ್ದಾಗ ಸೌಲನ ಕೈಯಿಂದ ಭರ್ಜಿ ಹಾರಿತು. ಜನರ ಹಾಡಿನಲ್ಲಿ ಮತ್ತೊಬ್ಬನ ಹೆಸರನ್ನು ಕೇಳಿ ಸಹಿಸಲಾರದವನು ಆಳಲು ಯೋಗ್ಯನೇ? ಸೌಲನ ರಾಜತ್ವ ಕುಸಿದದ್ದು ಯುದ್ಧಭೂಮಿಯಲ್ಲಿ ಮಾತ್ರವಲ್ಲ, ಆ ಹಾಡನ್ನು ಕೇಳಿದ ಘಳಿಗೆಯಲ್ಲೂ ಕೂಡ.

ಅರಮನೆಯ ಹಾಡು, ಬೀದಿಯ ಹಾಡು

ಫರ್ಡಿನಾಂಡ್ ಮಾರ್ಕೊಸ್ 1965ರಲ್ಲಿ ಅಧ್ಯಕ್ಷರಾದರು. ಅದೇ ಚುನಾವಣೆಯಲ್ಲಿ ‘ಮಾಂಬೊ’ ಹಾಡು ಕಟ್ಟಿದ ಮಂಗ್ಲಾಪುಸ್ ಕೂಡ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಮೂರನೆಯವರಾಗಿ ಸೋತರು. ಮತ್ತೊಬ್ಬರನ್ನು ಗೆಲ್ಲಿಸಿದ ಹಾಡುಗಾರಿಕೆ ತನ್ನ ಒಡೆಯನನ್ನು ಗೆಲ್ಲಿಸಲಿಲ್ಲ. ಇತ್ತ ಮಾರ್ಕೊಸ್ ಅವರ ಪ್ರಚಾರ ಸಭೆಗಳಲ್ಲಿ ಪತ್ನಿ ಇಮೆಲ್ಡಾ ಪ್ರೇಮಗೀತೆಗಳನ್ನು ಹಾಡುತ್ತಿದ್ದರು. ಎಷ್ಟೋ ವೇಳೆ ಗಂಡನೂ ದನಿಗೂಡಿಸುತ್ತಿದ್ದರು. ರೂಪ, ಕಂಠ, ಸೊಗಸಾದ ಉಡುಗೆ, ಇವು ಕಣ್ತುಂಬಿದ ಮೇಲೆ ಅಭ್ಯರ್ಥಿಯ ಲೆಕ್ಕಪತ್ರ ಕೇಳಲು ಜನರಿಗೆ ಪುರುಸೊತ್ತೆಲ್ಲಿ? 1972ರ ಸೆಪ್ಟೆಂಬರ್‌ನಲ್ಲಿ ಅದೇ ಅಧ್ಯಕ್ಷರು ಸೇನಾ ಶಾಸನ ಹೇರಿದರು. ಸಂಸತ್ತು ಮುಚ್ಚಿತು, ಪತ್ರಿಕೆಗಳು ಮುಚ್ಚಿದವು, ವಿರೋಧಿಗಳು ಸೆರೆಮನೆ ಸೇರಿದರು. ‘ಹೊಸ ಸಮಾಜ’ ಕಟ್ಟುತ್ತೇವೆಂಬ ಘೋಷಣೆಯೊಂದಿಗೆ ಅದಕ್ಕೊಂದು ಗೀತೆಯೂ ಸಿದ್ಧವಾಯಿತು. ದೇಶದ ಶ್ರೇಷ್ಠ ಸಂಗೀತಗಾರರಲ್ಲೊಬ್ಬರಾದ ಫೆಲಿಪೆ ದೆ ಲಿಯೋನ್ ಅದಕ್ಕೆ ರಾಗ ಹಾಕಿದರು. ಶಾಲೆಯ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಹಾಡಿದರು. ಹಾಡು ಕೆಟ್ಟದ್ದೆಂದು ಯಾರೂ ಹೇಳರು. ಒಳ್ಳೆಯ ರಾಗ ಕೆಟ್ಟ ಆಡಳಿತದ ಸೇವೆಗೂ ನಿಲ್ಲುತ್ತದೆ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಇದಕ್ಕೆ ಎದುರಾಗಿ ಜನರ ಬಾಯಲ್ಲಿ ಹಳೆಯದೊಂದು ಹಾಡು ಉಳಿದಿತ್ತು: ‘ಬಾಯಾನ್ ಕೊ’, ಅಂದರೆ ‘ನನ್ನ ನಾಡು’. ಅಮೆರಿಕನ್ನರ ಆಡಳಿತವಿದ್ದ 1920ರ ದಶಕದಲ್ಲಿ ಕವಿ ಹೊಸೆ ಕೊರಾಸೋನ್ ದೆ ಹೆಸುಸ್ ಅದನ್ನು ಬರೆದರು, ಕೊನ್ಸ್‌ತಾನ್ಸಿಯೊ ದೆ ಗುಸ್ಮಾನ್ ರಾಗ ಸಂಯೋಜಿಸಿದರು. ಪರಕೀಯರ ಆಳ್ವಿಕೆಗೆಂದು ಹುಟ್ಟಿದ ದುಃಖದ ಗೀತೆ ಸ್ವಕೀಯರ ಆಳ್ವಿಕೆಯಲ್ಲೂ ಸಲ್ಲಬೇಕಾದ ಕಾಲ ಬಂದಿತು. ಸೇನಾ ಶಾಸನದ ವರ್ಷಗಳಲ್ಲಿ ಅದನ್ನು ಬಹಿರಂಗವಾಗಿ ಹಾಡುವುದು ಅಪರಾಧವೆನಿಸಿತ್ತು. ‘ಅನಾಕ್’ ಎಂಬ ಹಾಡಿನಿಂದ 1978ರಲ್ಲಿ ವಿಶ್ವಖ್ಯಾತಿ ಪಡೆದ ಜನಪದ ಶೈಲಿಯ ಗಾಯಕ ಫ್ರೆಡಿ ಅಗಿಲಾರ್ ಅದನ್ನು ಗಿಟಾರಿಗೆ ಅಳವಡಿಸಿ ಹೊಸ ತಲೆಮಾರಿಗೆ ಮುಟ್ಟಿಸಿದರು.

ಮತ್ತೊಂದು ಹಾಡಿನ ಕಥೆ ಇನ್ನೂ ವಿಚಿತ್ರ. ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಮರಳುವವನೊಬ್ಬ, ತನ್ನನ್ನು ಸ್ವೀಕರಿಸುವುದಾದರೆ ಮರಕ್ಕೆ ಹಳದಿ ಪಟ್ಟಿ ಕಟ್ಟಿರೆಂದು ಕೇಳುವ ಅಮೆರಿಕನ್ ಗೀತೆಯೊಂದು 1973ರಲ್ಲಿ ಮನೆಮಾತಾಗಿತ್ತು. ವಿರೋಧ ಪಕ್ಷದ ನಾಯಕ ಬೆನಿಗ್ನೊ ಆಕಿನೊ ಏಳು ವರ್ಷಗಳಿಗೂ ಮಿಕ್ಕಿ ಸೆರೆಯಲ್ಲಿದ್ದು, ಹೃದಯದ ಚಿಕಿತ್ಸೆಗೆಂದು ಅಮೆರಿಕಕ್ಕೆ ಹೋಗಿ, 1983ರ ಆಗಸ್ಟ್ 21ರಂದು ಮನಿಲಾಕ್ಕೆ ಹಿಂದಿರುಗಿದಾಗ, ಆ ಹಾಡನ್ನು ನೆನೆದು ಅಭಿಮಾನಿಗಳು ದಾರಿಯುದ್ದಕ್ಕೂ ಹಳದಿ ಪಟ್ಟಿ ಕಟ್ಟಿದ್ದರು. ಆಕಿನೊ ಅದನ್ನು ನೋಡಲಿಲ್ಲ. ಸೈನಿಕರು ವಿಮಾನದಿಂದ ಇಳಿಸಿಕೊಂಡು ಹೋದ ಕೆಲವೇ ಕ್ಷಣಗಳಲ್ಲಿ ತಲೆಗೆ ಗುಂಡು ಬಿದ್ದಿತು. ಹತ್ತು ದಿನಗಳ ನಂತರ ನಡೆದ ಶವಯಾತ್ರೆ ಮುಂಜಾನೆಯಿಂದ ರಾತ್ರಿಯವರೆಗೆ ಸಾಗಿತು. ಲಕ್ಷ ಲಕ್ಷ ಜನ ಸೇರಿದರು. ‘ಬಾಯಾನ್ ಕೊ’ ಎಲ್ಲರ ಬಾಯಲ್ಲಿತ್ತು. ಸರ್ಕಾರದ ಹಿಡಿತದಲ್ಲಿದ್ದ ಮಾಧ್ಯಮಗಳು ಕಣ್ಣು ಮುಚ್ಚಿಕೊಂಡವು. ಅದನ್ನು ಆಲಿಸುವ ಭಾಗ್ಯ ದೇಶಕ್ಕೆ ದೊರೆತದ್ದು ಕಥೋಲಿಕ ಧರ್ಮಸಭೆಯ ಬಾನುಲಿ ಕೇಂದ್ರವಾದ ರೇಡಿಯೊ ವೆರಿತಾಸ್‌ನಿಂದ.

ಆಲಿವ್ ಮರ ಒಪ್ಪಿಕೊಂಡಾಗ

ಹಾಡಿದ ಜನ ಮುಂದೇನು ಮಾಡಿದರು ಎಂಬಲ್ಲಿಯೇ ಈ ಕಥೆಯ ಸತ್ವವಿದೆ. 1985ರ ನವೆಂಬರ್‌ನಲ್ಲಿ ಮಾರ್ಕೊಸ್ ಅಮೆರಿಕದ ದೂರದರ್ಶನ ಸಂದರ್ಶನವೊಂದರಲ್ಲಿ ಅವಧಿಗೆ ಮುನ್ನವೇ ಚುನಾವಣೆ ನಡೆಸುವುದಾಗಿ ಘೋಷಿಸಿದರು. ಎದುರಾಗಿ ನಿಲ್ಲುವವರು ಯಾರು? ಎಲ್ಲರ ದೃಷ್ಟಿಯೂ ಹತನಾದ ಆಕಿನೊ ಅವರ ಪತ್ನಿ ಕೊರಾಸೋನ್ ಅವರ ಮೇಲೆ ನೆಟ್ಟಿತು. ಐದು ಮಕ್ಕಳ ತಾಯಿ, ಯಾವ ಪದವಿಯನ್ನೂ ಬಯಸದ ಗೃಹಿಣಿ, ನಿತ್ಯವೂ ಜಪಮಾಲೆ ಪ್ರಾರ್ಥಿಸುವ ಭಕ್ತೆ. ಹತ್ತು ಲಕ್ಷ ಜನ ಸಹಿ ಹಾಕಿ ಕೇಳಿಕೊಂಡರೆ ಆಲೋಚಿಸುತ್ತೇನೆಂದರು. ಸಹಿಗಳು ಬಂದವು.

ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಯೋತಾಮನು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಹೇಳಿದ ಸಾಮತಿಯನ್ನು ನಮ್ಮ ಓದುಗರು ಬಲ್ಲರು. ಮರಗಳು ತಮಗೊಬ್ಬ ಅರಸನನ್ನು ಆರಿಸಿಕೊಳ್ಳ ಹೊರಟವು. ಆಲಿವ್ ಮರ ತನ್ನ ಎಣ್ಣೆಯನ್ನು ಬಿಟ್ಟು ಬರಲೊಲ್ಲೆನೆಂದಿತು. ಅಂಜೂರ ತನ್ನ ಸಿಹಿಯನ್ನೂ ದ್ರಾಕ್ಷಿ ತನ್ನ ರಸವನ್ನೂ ಬಿಡಲೊಪ್ಪಲಿಲ್ಲ. ಕೊನೆಗೆ ಒಪ್ಪಿಕೊಂಡದ್ದು ಮುಳ್ಳಿನ ಪೊದೆ, ಅದೂ ತನ್ನ ನೆರಳಿಗೆ ಬಾರದವರನ್ನು ಬೆಂಕಿ ದಹಿಸಲೆಂಬ ಬೆದರಿಕೆಯೊಡನೆ. ಪೊದೆಗೆಲ್ಲಿಯ ನೆರಳು! ಈ ಸಾಮತಿಯನ್ನು ನಾವು ಸಾಮಾನ್ಯವಾಗಿ ಕೆಟ್ಟ ಅರಸನನ್ನು ಹಳಿಯಲು ಬಳಸುತ್ತೇವೆ. ಅದರಲ್ಲಿ ಒಳ್ಳೆಯ ಮರಗಳ ಮೇಲೂ ಒಂದು ದೂರಿದೆ. ಸಭ್ಯರು ‘ರಾಜಕೀಯ ನಮಗೇಕೆ’ ಎಂದು ಹಿಂಜರಿದರೆ ಸ್ಥಾನವೇನೂ ಖಾಲಿ ಉಳಿಯುವುದಿಲ್ಲ. ನಮ್ಮ ಕಥೋಲಿಕ ಮನೆತನಗಳಲ್ಲಿ ಮಕ್ಕಳು ವೈದ್ಯರಾಗಲಿ, ಇಂಜಿನಿಯರಾಗಲಿ, ಹೊರದೇಶಕ್ಕೆ ಹೋಗಲಿ ಎಂದು ಹರಕೆ ಹೊರುವ ತಂದೆ ತಾಯಂದಿರಲ್ಲಿ, ಪಂಚಾಯತಿಯ ಸದಸ್ಯರಾಗಲಿ ಎಂದು ಪ್ರಾರ್ಥಿಸಿದವರನ್ನು ಈ ಲೇಖಕ ಕಂಡಿಲ್ಲ.

ಮನಿಲಾದ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಹೈಮೆ ಸಿನ್ ಅವರು ಮಧ್ಯಸ್ಥಿಕೆ ವಹಿಸಿ, ತಾನೇ ಅಧ್ಯಕ್ಷನಾಗಬೇಕೆಂದಿದ್ದ ಸಾಲ್ವಡೋರ್ ಲಾರೆಲ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಒಪ್ಪಿಸಿದರು. ಧರ್ಮಾಧ್ಯಕ್ಷರೊಬ್ಬರು ಅಭ್ಯರ್ಥಿಗಳ ಹೊಂದಾಣಿಕೆಗೆ ಇಳಿಯುವುದು ಸರಿಯೇ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಗುರುಗಳು ಪಕ್ಷ ರಾಜಕೀಯದಲ್ಲಿ ಸಕ್ರಿಯರಾಗಬಾರದೆಂಬುದು ಧರ್ಮಸಭೆಯ ಕಾನೂನಿನ ಸಾಮಾನ್ಯ ನಿಯಮ. ಸರ್ವಾಧಿಕಾರದಡಿಯಲ್ಲಿ ಬೇರೆ ಯಾವ ವೇದಿಕೆಯೂ ಉಳಿದಿರದ ದೇಶಕ್ಕೆ ಹೊಂದಿದ ಕ್ರಮವನ್ನು ಎಲ್ಲೆಡೆಗೂ ಅಳತೆಗೋಲಾಗಿಸುವುದು ತರವಲ್ಲವೆಂದು ನಮ್ಮ ಅಭಿಪ್ರಾಯ.

1986ರ ಫೆಬ್ರವರಿ 7, ಶುಕ್ರವಾರ ಮತದಾನ. ಮಾರ್ಕೊಸ್ ಕಡೆ ಹಣವಿತ್ತು, ಸೈನ್ಯವಿತ್ತು, ದೂರದರ್ಶನವಿತ್ತು, ಸಿನಿಮಾ ತಾರೆಯರಿದ್ದರು. ಕೊರಾಸೋನ್ ಕಡೆ ಹಳದಿ ಬಣ್ಣವೂ ಹಾಡುಗಳೂ ಅಪಾರ ಜನಸಾಗರವೂ ಇದ್ದವು. ಆದರೆ ಜನಸಾಗರ ಸಂಜೆಯಾದರೆ ಮನೆಗೆ ಮರಳುತ್ತದೆ. ಮತಪೆಟ್ಟಿಗೆಗೆ ಅಪಾಯ ಬರುವುದು ಕತ್ತಲಾದ ಮೇಲೆ. ಇದನ್ನರಿತ ‘ನಾಮ್‌ಫ್ರೆಲ್’ ಎಂಬ ನಾಗರಿಕ ಸಂಘಟನೆ ಸುಮಾರು ಐದು ಲಕ್ಷ ಸ್ವಯಂಸೇವಕರನ್ನು ಸಜ್ಜುಗೊಳಿಸಿತ್ತು. ಮ್ಯಾಗ್ಸೆಸೆ ಕಾಲದ 1951ರಲ್ಲಿ ಹುಟ್ಟಿದ ಹೆಸರನ್ನೇ 1983ರಲ್ಲಿ ಉದ್ಯಮಿ ಹೊಸೆ ಕೊನ್ಸೆಪ್ಸಿಯೋನ್ ಮತ್ತು ಸಂಗಡಿಗರು ಪುನರುಜ್ಜೀವಗೊಳಿಸಿದ್ದರು. ಬಿಳಿಯ ಉಡುಪಿನ ಕನ್ಯಾಸ್ತ್ರೀಯರು ಮತಪೆಟ್ಟಿಗೆಗಳ ಪಕ್ಕದಲ್ಲಿ ಕೈಕೈ ಹಿಡಿದು ನಿಂತರು. ಗಲಭೆಯ ಮತಗಟ್ಟೆಗಳಿಗೆ ಕಳುಹಿಸುತ್ತಿದ್ದ ಈ ಭಗಿನಿಯರಿಗೂ ಗುರುಗಳಿಗೂ ಜನ ಪ್ರೀತಿಯಿಂದ ‘ನಾಮ್‌ಫ್ರೆಲ್ ಮರೀನ್ಸ್’ ಎಂದು ಹೆಸರಿಟ್ಟರು. ಇವರ ಕೆಲಸದಲ್ಲಿ ಹಾಡಿನ ಸೊಗಸೇನೂ ಇರಲಿಲ್ಲ. ಎಣಿಕೆಯ ಹಾಳೆಯ ಪ್ರತಿಯನ್ನು ಪಡೆಯುವುದು, ಅಂಕಿಗಳನ್ನು ತಾಳೆ ನೋಡುವುದು, ಪೆಟ್ಟಿಗೆಯ ಹಿಂದೆಯೇ ಪಟ್ಟಣದ ಕಚೇರಿಯವರೆಗೆ ಹೋಗುವುದು, ನಿದ್ದೆಗೆಟ್ಟು ಕೂರುವುದು.

ಎರಡು ಎಣಿಕೆಗಳು ಹೊರಬಿದ್ದವು. ಸರ್ಕಾರಿ ಎಣಿಕೆಯಂತೆ ಮಾರ್ಕೊಸ್ ಅವರಿಗೆ ಸುಮಾರು 1 ಕೋಟಿ 8 ಲಕ್ಷ, ಕೊರಾಸೋನ್ ಅವರಿಗೆ ಸುಮಾರು 93 ಲಕ್ಷ ಮತ. ನಾಮ್‌ಫ್ರೆಲ್ ತನ್ನ ಕೈಗೆ ಬಂದ ಮತಗಟ್ಟೆಗಳ ಹಾಳೆಗಳಿಂದ ಕೂಡಿಸಿದ ಲೆಕ್ಕದಲ್ಲಿ ಕೊರಾಸೋನ್ 78 ಲಕ್ಷ, ಮಾರ್ಕೊಸ್ 70 ಲಕ್ಷ. ಫೆಬ್ರವರಿ 9ರ ರಾತ್ರಿ, ಚುನಾವಣಾ ಆಯೋಗದ ಎಣಿಕೆ ಕೇಂದ್ರದಲ್ಲಿ ಕಂಪ್ಯೂಟರ್‌ಗಳ ಮುಂದೆ ಕುಳಿತಿದ್ದ ಸುಮಾರು 30 ಮಂದಿ ನೌಕರರು, ಹೆಚ್ಚಿನವರು ತರುಣಿಯರು, ತಮ್ಮ ಯಂತ್ರ ಹೇಳುವ ಅಂಕಿಗೂ ಸಾರ್ವಜನಿಕ ಫಲಕದಲ್ಲಿ ಮೂಡುವ ಅಂಕಿಗೂ ತಾಳೆಯಿಲ್ಲದಿರುವುದನ್ನು ಕಂಡು, ಎದ್ದು ಹೊರನಡೆದರು. ಅವರು ಆಶ್ರಯ ಪಡೆದದ್ದು ಬಕ್ಲಾರಾನ್‌ನ ನಿತ್ಯ ಸಹಾಯ ಮಾತೆಯ ದೇವಾಲಯದಲ್ಲಿ. ಪ್ರತಿ ಬುಧವಾರ ನೊವೆನಾಕ್ಕೆ ಜನ ಕಿಕ್ಕಿರಿಯುವ ಆ ದೇವಾಲಯ ಅಂದು ಅಂಕಿಗಳ ಸತ್ಯಕ್ಕೂ ಆಸರೆಯಾಯಿತು. ಅವರ ಮುಂದಾಳಾಗಿದ್ದ ಮಹಿಳೆಯ ಪತಿ ಸೇನೆಯ ಸುಧಾರಣಾವಾದಿ ಬಣದ ಅಧಿಕಾರಿ. ಆದ್ದರಿಂದ ಇದೆಲ್ಲ ಮೊದಲೇ ಹೂಡಿದ ಆಟವೆಂದು ಟೀಕಿಸಿದವರೂ ಉಂಟು. ಇರಬಹುದು. ಆದರೂ ಸುಳ್ಳು ಅಂಕಿಯನ್ನು ಒತ್ತಲೊಲ್ಲದ ಬೆರಳು ಅಂದು ಅವರದಾಗಿತ್ತು, ಮತ್ತು ಅದಕ್ಕಾಗಿ ಪ್ರಾಣಭಯ ಅನುಭವಿಸಿದವರೂ ಅವರೇ.

ಧರ್ಮಾಧ್ಯಕ್ಷರ ಮಂಡಳಿ ಕೆಲವೇ ದಿನಗಳಲ್ಲಿ ಹೇಳಿಕೆ ಹೊರಡಿಸಿತು. ಈ ಚುನಾವಣೆಯಲ್ಲಿ ನಡೆದ ವಂಚನೆಗೆ ಸಾಟಿಯಿಲ್ಲವೆಂದೂ ವಂಚನೆಯಿಂದ ಅಧಿಕಾರ ಹಿಡಿದ ಸರ್ಕಾರಕ್ಕೆ ನೈತಿಕ ತಳಹದಿಯಿಲ್ಲವೆಂದೂ ಅದನ್ನು ಅಹಿಂಸೆಯ ದಾರಿಯಲ್ಲೇ ಎದುರಿಸಬೇಕೆಂದೂ ಅವರು ಸಾರಿದರು. ಫೆಬ್ರವರಿ 22ರ ಶನಿವಾರ ರಕ್ಷಣಾ ಸಚಿವ ಎನ್ರೀಲೆಯೂ ಸೇನೆಯ ಉಪಮುಖ್ಯಸ್ಥ ರಾಮೋಸ್‌ರೂ ಮಾರ್ಕೊಸ್ ಪಕ್ಷ ತೊರೆದು ಶಿಬಿರ ಸೇರಿದಾಗ, ರಾತ್ರಿ ಕಾರ್ಡಿನಲ್ ಸಿನ್ ರೇಡಿಯೊ ವೆರಿತಾಸ್‌ನಲ್ಲಿ ಜನರನ್ನು ಅವರ ರಕ್ಷಣೆಗೆ ಕರೆದರು. ಏಕಾಂತವಾಸಿ ಕನ್ಯಾಸ್ತ್ರೀಯರ ಮಠಗಳಿಗೆ ಉಪವಾಸ ಪ್ರಾರ್ಥನೆಯಲ್ಲಿ ತೊಡಗಲು ಹೇಳಿದರು. ಎಡ್ಸಾ ಹೆದ್ದಾರಿ ಜನರಿಂದ ತುಂಬಿತು. ಟ್ಯಾಂಕುಗಳ ಮುಂದೆ ಜಪಮಾಲೆ ಹಿಡಿದು ಮೊಣಕಾಲೂರಿದ ಭಗಿನಿಯರ ಚಿತ್ರ ಲೋಕವನ್ನೆಲ್ಲ ಸುತ್ತಿತು.

ಭಾನುವಾರ ನಸುಕಿನಲ್ಲಿ ವೆರಿತಾಸ್‌ನ ಪ್ರಸಾರ ಯಂತ್ರವನ್ನು ಸಶಸ್ತ್ರ ಗುಂಪೊಂದು ಒಡೆದು ಹಾಕಿತು. ಬದಲಿ ಯಂತ್ರವೂ ಸೋತಾಗ ನಟಿಯೂ ಪ್ರಸಾರಕಿಯೂ ಆದ ಜೂನ್ ಕೀತ್ಲಿ ಮತ್ತೊಂದು ಕೇಂದ್ರಕ್ಕೆ ತೆರಳಿ, ಎಲ್ಲಿಂದ ಮಾತನಾಡುತ್ತಿದ್ದೇನೆಂದು ಹೇಳದೆ, ರಾತ್ರಿಯಿಡೀ ಸುದ್ದಿ ಬಿತ್ತರಿಸಿದರು. ಆ ಕೇಂದ್ರ ಯಾವುದೆಂದರೆ, ರಾಕ್ ಸಂಗೀತಕ್ಕೆ ಹೆಸರಾಗಿದ್ದ ಡಿ.ಝಡ್.ಆರ್.ಜೆ.; ಅದನ್ನು ಸ್ಥಾಪಿಸಿದವರು ಗಿಟಾರ್ ವಾದಕ ರಾಮೋನ್ ಹಸಿಂತೊ. ಯುವಜನರನ್ನು ಹಾಳು ಮಾಡುವ ಗದ್ದಲದ ಸಂಗೀತವೆಂದು ಹಿರಿಯರು ದೂರುವ ರಾಕ್ ಸಂಗೀತದ ಮನೆಯೇ ಧರ್ಮಸಭೆಯ ದನಿಗೆ ಆಶ್ರಯ ನೀಡಿತು! ಆ ರಾತ್ರಿಗಳಲ್ಲಿ ಕೀತ್ಲಿ ಮತ್ತೆ ಮತ್ತೆ ನುಡಿಸಿದ ಗುರುತಿನ ಹಾಡು ‘ಮಾಂಬೊ ಮ್ಯಾಗ್ಸೆಸೆ’. ಮೂವತ್ತಮೂರು ವರ್ಷಗಳ ಹಿಂದಿನ ಆ ಕುಣಿತದ ಹಾಡು ತಂದೆ ತಾಯಂದಿರಿಗೆ ಒಬ್ಬ ಪ್ರಾಮಾಣಿಕ ಅಧ್ಯಕ್ಷರನ್ನೂ ಒಂದು ಪ್ರಾಮಾಣಿಕ ಎಣಿಕೆಯನ್ನೂ ನೆನಪಿಗೆ ತಂದಿತು. ಮಾರ್ಕೊಸ್ ದೇಶ ಬಿಟ್ಟು ಓಡಿದರೆಂಬ ತಪ್ಪು ಸುದ್ದಿ ಸೋಮವಾರ ಬೆಳಿಗ್ಗೆ ಇದೇ ಪ್ರಸಾರದಲ್ಲಿ ಹೊರಬಿದ್ದು, ಜನ ಕುಣಿದಾಡಿ, ಆಮೇಲೆ ನಾಚಬೇಕಾಯಿತೆಂಬುದನ್ನೂ ಹೇಳದಿರಲಾಗದು. ಒಳ್ಳೆಯವರ ಪಕ್ಷದ ಬಾನುಲಿಯೂ ಉತ್ಸಾಹದಲ್ಲಿ ಎಡವುತ್ತದೆ. ಮರುದಿನ, ಫೆಬ್ರವರಿ 25ರಂದು, ಕೊರಾಸೋನ್ ಆಕಿನೊ ಪ್ರಮಾಣವಚನ ಸ್ವೀಕರಿಸಿದರು. ನೆರೆದವರು ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ‘ಬಾಯಾನ್ ಕೊ’ ಗೀತೆಯನ್ನೂ ಹಾಡಿದರು. ಅಂದು ರಾತ್ರಿಯೇ ಮಾರ್ಕೊಸ್ ದಂಪತಿ ನಿರ್ಗಮಿಸಿದರು. ಆ ವರ್ಷದ ಮ್ಯಾಗ್ಸೆಸೆ ಪ್ರಶಸ್ತಿಗಳಲ್ಲೊಂದು ರೇಡಿಯೊ ವೆರಿತಾಸ್‌ಗೆ ಸಂದಿತು.

ಹಾಡು ಮುಗಿದ ಮೇಲೆ

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಂದರ ದೃಷ್ಟಾಂತ ಕಥೆಯಾದೀತು. ಆದರೆ ಇತಿಹಾಸ ನಿಲ್ಲುವುದಿಲ್ಲ. ಎಡ್ಸಾದ ವಿಜಯವನ್ನು ಲೋಕಕ್ಕೆ ಫಿಲಿಪ್ಪೀನ್ಸ್ ಜನರ ಕಾಣಿಕೆಯೆಂದು ಕೊಂಡಾಡುವ ಗೀತೆಯನ್ನು ಜಿಮ್ ಪರೇದೆಸ್ ಎಂಬ ಜನಪ್ರಿಯ ಗಾಯಕ 1986ರಲ್ಲಿಯೇ ರಚಿಸಿದರು. 1989ರಲ್ಲಿ ಆ ಹೆದ್ದಾರಿಯ ಬದಿಯಲ್ಲಿ ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರವೂ ಎದ್ದಿತು. ಇತ್ತ ಕೊರಾಸೋನ್ ಅವರ ಆಳ್ವಿಕೆ ಸುಗಮವಾಗಿರಲಿಲ್ಲ. ಸೇನೆಯ ಬಂಡಾಯಗಳು ಮೇಲಿಂದ ಮೇಲೆ ನಡೆದವು. 1987ರ ಜನವರಿಯಲ್ಲಿ ಭೂಮಿ ಕೇಳಿ ಅರಮನೆಯ ಕಡೆಗೆ ಹೊರಟ ರೈತರ ಮೇಲೆ ಮೆಂಡಿಯೋಲಾ ಸೇತುವೆಯ ಬಳಿ ಗುಂಡು ಹಾರಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು; ಅವರ ಸ್ವಂತ ಮನೆತನದ ವಿಶಾಲ ಕಬ್ಬಿನ ತೋಟ ಭೂಸುಧಾರಣೆಯಿಂದ ಜಾರಿಕೊಂಡಿತೆಂಬ ಆಕ್ಷೇಪ ಕೊನೆಯವರೆಗೂ ಉಳಿಯಿತು. ಹಳದಿ ಬಣ್ಣ ಇವಾವುದನ್ನೂ ಅಳಿಸಲಾರದು. ಆದರೂ ಒಂದು ವಿಷಯದಲ್ಲಿ ಅವರು ಮಾದರಿ. ಅಧ್ಯಕ್ಷರಿಗೆ ಒಂದೇ ಅವಧಿ ಎಂಬ ಹೊಸ ಸಂವಿಧಾನವನ್ನು ತಂದು, 1992ರಲ್ಲಿ ಅಧಿಕಾರವನ್ನು ಆಯ್ಕೆಯಾದವರ ಕೈಗೊಪ್ಪಿಸಿ ಮನೆಗೆ ಹೋದರು. ಕುರ್ಚಿಯನ್ನು ಏರುವ ಕಲೆಗಿಂತ ಇಳಿಯುವ ಕಲೆ ಕಠಿಣ.

ಹಾಡುಗಳ ಗತಿ? 1998ರಲ್ಲಿ ಬಡವರ ಪಾಲಿನ ಸಿನಿಮಾ ನಾಯಕ ಜೋಸೆಫ್ ಎಸ್ತ್ರಾದಾ ಅಧ್ಯಕ್ಷರಾಗಿ, 2001ರಲ್ಲಿ ಭ್ರಷ್ಟಾಚಾರದ ಆರೋಪದಿಂದ ಪದಚ್ಯುತರಾದರು. 2016ರಲ್ಲಿ ರೊಡ್ರಿಗೊ ದುತೆರ್ತೆ ಅಧ್ಯಕ್ಷ ಪದವಿಗೆ ನಿಂತಾಗ ಅವರ ಪರವಾಗಿ ಹಾಡಿದವರಲ್ಲಿ ‘ಬಾಯಾನ್ ಕೊ’ ಖ್ಯಾತಿಯ ಫ್ರೆಡಿ ಅಗಿಲಾರ್ ಕೂಡ ಇದ್ದರು. ಮಾದಕ ದ್ರವ್ಯ ವಿರೋಧಿ ಕಾರ್ಯಾಚರಣೆಯ ಹೆಸರಿನಲ್ಲಿ ಸಾವಿರಾರು ಬಡವರು ವಿಚಾರಣೆಯಿಲ್ಲದೆ ಹತರಾದ ಆಳ್ವಿಕೆ ಅದು. ಅದನ್ನು ಧರ್ಮಸಭೆ ಬಹಿರಂಗವಾಗಿ ಖಂಡಿಸಿತು. ಅಗಿಲಾರ್ 2025ರ ಮೇ ತಿಂಗಳಲ್ಲಿ ನಿಧನರಾದಾಗ ಅವರ ಗಿಟಾರಿಗೆ ದೇಶ ಕಣ್ಣೀರಿಟ್ಟಿತು. ಸ್ವಾತಂತ್ರ್ಯದ ಹಾಡನ್ನು ಹಾಡಿದ ಕಂಠವೇ ಮತ್ತೊಂದು ಬಗೆಯ ಬಲಪ್ರಯೋಗದ ಪಕ್ಕದಲ್ಲಿ ನಿಲ್ಲಬಲ್ಲುದೆಂದರೆ, ಗಾಯಕನ ಮೇಲಿನ ಪ್ರೀತಿ ಬೇರೆ, ಅವನು ತೋರಿಸುವ ಅಭ್ಯರ್ಥಿ ಬೇರೆ ಎಂದು ತಿಳಿಯದೆ ಗತ್ಯಂತರವಿಲ್ಲ.

2022ರಲ್ಲಿ ಮಾರ್ಕೊಸ್ ಅವರ ಮಗ, ಅದೇ ಹೆಸರಿನವರು, ಅಧ್ಯಕ್ಷ ಪದವಿಗೆ ನಿಂತರು. ಸೇನಾ ಶಾಸನದ ಕಾಲದ ‘ಹೊಸ ಸಮಾಜ’ ಗೀತೆ ರಾಕ್ ವಾದ್ಯಗಳ ಹೊಸ ಅಂಗಿ ತೊಟ್ಟು ಅವರ ಸಭೆಗಳಲ್ಲಿ ಮೊಳಗಿತು. ಎದುರಾಳಿ ಲೆನಿ ರೊಬ್ರೆದೊ ಅವರ ಗುಲಾಬಿ ಬಣ್ಣದ ಸಭೆಗಳಲ್ಲಿ ದೇಶದ ಹೆಸರಾಂತ ಗಾಯಕರು ಸಾಲುಗಟ್ಟಿ ಹಾಡಿದರು. ಅನೇಕ ಗುರುಗಳೂ ಕನ್ಯಾಸ್ತ್ರೀಯರೂ ಅವರ ಪರವಾಗಿದ್ದರು. ಎಡ್ಸಾ ವಾರ್ಷಿಕೋತ್ಸವದ ದಿನ ಧರ್ಮಾಧ್ಯಕ್ಷರ ಮಂಡಳಿ ಪಾಲನಾ ಪತ್ರ ಹೊರಡಿಸಿ, ಇತಿಹಾಸವನ್ನು ತಿರುಚುವ ಸುಳ್ಳುಗಳ ಬಗ್ಗೆ ಎಚ್ಚರಿಸಿತು. ಮತ ಎಣಿಸಿದಾಗ ಕಿರಿಯ ಮಾರ್ಕೊಸ್ ಅವರಿಗೆ 3 ಕೋಟಿ 16 ಲಕ್ಷ, ರೊಬ್ರೆದೊ ಅವರಿಗೆ 1 ಕೋಟಿ 50 ಲಕ್ಷ. 1986ರಲ್ಲಿ ಹುಟ್ಟಿಯೇ ಇರದ ತರುಣರು ಆ ರಾಕ್ ಹಾಡಿನಲ್ಲಿ ಕೇಳಿದ್ದು ಕೇವಲ ಒಂದು ಒಳ್ಳೆಯ ತಾಳವನ್ನು. ಆ ಗೀತೆಯನ್ನು ಬಾಯಿಪಾಠ ಮಾಡಿದ್ದ ಅಜ್ಜ ಅಜ್ಜಿಯರು ಅದರ ಹಿಂದಿನ ಕಥೆಯನ್ನು ಊಟದ ಮೇಜಿನ ಸುತ್ತ ಎಷ್ಟು ಮನೆಗಳಲ್ಲಿ ಹೇಳಿದ್ದರು? ಸೋಲಿನ ಹೊಣೆಯನ್ನೆಲ್ಲ ಸುಳ್ಳು ಪ್ರಚಾರದ ಮೇಲೆ ಹಾಕುವವರು ಈ ಮೌನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಬೀದಿಗಳಲ್ಲಿಯೂ ಚುನಾವಣೆ ಬಂದರೆ ಆಟೋರಿಕ್ಷಾದ ಮೇಲಿನ ಧ್ವನಿವರ್ಧಕದಿಂದ ಚಿತ್ರಗೀತೆಯ ಮಟ್ಟಿನಲ್ಲಿ ಅಭ್ಯರ್ಥಿಯ ಗುಣಗಾನ ಕೇಳಿಬರುತ್ತದೆ. ಮಕ್ಕಳು ಅದನ್ನು ಗುನುಗುನಿಸುತ್ತಾರೆ, ಅದರಲ್ಲಿ ಪಾಪವೇನಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ‘ಆಧುನಿಕ ಜಗತ್ತಿನಲ್ಲಿ ಧರ್ಮಸಭೆ’ ಎಂಬ ದಸ್ತಾವೇಜಿನ 75ನೆಯ ಪರಿಚ್ಛೇದದಲ್ಲಿ, ಸರ್ವರ ಹಿತಕ್ಕಾಗಿ ಸ್ವತಂತ್ರವಾಗಿ ಮತ ಚಲಾಯಿಸುವುದು ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ನೆನಪಿಸಿತು. ಕಥೋಲಿಕ ಧರ್ಮೋಪದೇಶದ 2240ನೆಯ ಪರಿಚ್ಛೇದ ತೆರಿಗೆ ಕಟ್ಟುವುದನ್ನೂ ಮತ ಹಾಕುವುದನ್ನೂ ಒಟ್ಟಿಗೆ ಇರಿಸುತ್ತದೆ. ಎರಡೂ ನೀರಸ ಕೆಲಸಗಳೇ. ತೆರಿಗೆ ಕಟ್ಟುವವನಿಗೆ ಯಾರೂ ವಾದ್ಯ ನುಡಿಸುವುದಿಲ್ಲ.

ಇವೆಲ್ಲವನ್ನೂ ಬರೆಯುವಾಗ ಮನಸ್ಸು ಹೋಗಿ ನಿಲ್ಲುವುದು ಎಡ್ಸಾ ಹೆದ್ದಾರಿಯಲ್ಲಲ್ಲ, ಪನಾಯ್ ದ್ವೀಪದ ಅಂತಿಕೆ ಎಂಬ ಬಡ ಪ್ರಾಂತ್ಯದಲ್ಲಿ. ಎವೆಲಿಯೊ ಹಾವಿಯೆರ್ ಅಲ್ಲಿನವರು. 1971ರಲ್ಲಿ ಇಪ್ಪತ್ತೊಂಬತ್ತರ ಹರೆಯದಲ್ಲೇ ಆ ಪ್ರಾಂತ್ಯದ ಗವರ್ನರ್ ಆದವರು, ಆಮೇಲೆ ಹುದ್ದೆ ಬಿಟ್ಟು ಹಾರ್ವರ್ಡ್‌ಗೆ ಓದಲು ಹೋಗಿ ಮರಳಿದವರು. 1986ರ ಚುನಾವಣೆಯಲ್ಲಿ ಕೊರಾಸೋನ್ ಅವರ ಪ್ರಚಾರವನ್ನು ಆ ಪ್ರಾಂತ್ಯದಲ್ಲಿ ನಡೆಸಿದವರು ಅವರೇ. ಮತದಾನ ಮುಗಿದು ಪ್ರಚಾರದ ಹಾಡುಗಳೆಲ್ಲ ನಿಂತ ನಾಲ್ಕನೆಯ ದಿನ, ಫೆಬ್ರವರಿ 11ರಂದು, ಸಾನ್ ಹೊಸೆ ಪಟ್ಟಣದ ಪ್ರಾಂತೀಯ ಕಚೇರಿಯಲ್ಲಿ ಮತಪತ್ರಗಳ ಲೆಕ್ಕ ನಡೆಯುತ್ತಿತ್ತು. ಲೆಕ್ಕದ ಕಾವಲಿಗೆ ಬಂದಿದ್ದ ಹಾವಿಯೆರ್ ಅವರನ್ನು ಮುಸುಕು ತೊಟ್ಟ ಬಂದೂಕುಧಾರಿಗಳು ಹಾಡಹಗಲೇ ಪಟ್ಟಣದ ಚೌಕದಲ್ಲಿ ಅಟ್ಟಿಸಿಕೊಂಡು ಹೋಗಿ ಕೊಂದರು. ಅವರಿಗಾಗ ನಲವತ್ತಮೂರು ವಯಸ್ಸು. 1992ರಲ್ಲಿ ಅಂಗೀಕೃತವಾದ ಕಾನೂನಿನ ಪ್ರಕಾರ ಪ್ರತಿ ವರ್ಷ ಫೆಬ್ರವರಿ 11ರಂದು ಅಂತಿಕೆ, ಅಕ್ಲಾನ್, ಕಾಪಿಸ್, ಇಲೊಯಿಲೊ ಪ್ರಾಂತ್ಯಗಳಲ್ಲಿ ಅವರ ಹೆಸರಿನಲ್ಲಿ ರಜೆ.